ತಿದಿ ಒತ್ತಿದ ಹುಡುಗ

ಊರಿನ ಹೆಸರು ಸ್ಯಾಂತ್ ಮರಿ ದ ಕಾಂಪಾನ್. ಅಪ್ಪನ ಬಾಯಲ್ಲಿ ಅದು ಅರ್ಧ ಗಂಟೆಯೊಳಗೆ ಸಂತೆಮಾರಿ ಆಯಿತು. ಕಾರಿನಲ್ಲಿ ಮೂರು ಸಲ ತಿದ್ದಿದೆ. ನಾಲ್ಕನೇ ಸಲ ಸುಮ್ಮನಾದೆ. ಸಂತೆಮಾರಿ ಅಂದರೆ ನಮ್ಮ ಕೊಪ್ಪ, ತೀರ್ಥಹಳ್ಳಿ ಕಡೆಯ ಯಾವುದೋ ಬಸ್ಸಿನ ಬೋರ್ಡಿನಲ್ಲಿ ಇರಬಹುದಾದ ಹೆಸರಿನ ಹಾಗೆ ಕೇಳುತ್ತದೆ. ಕೇಳೋಕೂ ಚೆನ್ನಾಗಿದೆ. ಇಲ್ಲೂ ಹಾಗೇ ಕರೆಯುತ್ತೇನೆ.

ಅವತ್ತು 2023ರ ಜುಲೈ 6, ಗುರುವಾರ. ನಾನು ಫ್ರಾನ್ಸಿನ ತುಲೂಸ್‌ನಲ್ಲಿ ಕೆಲಸದಲ್ಲಿದ್ದೇನೆ. ಆ ವರ್ಷ ಅಪ್ಪ ಒಬ್ಬರೇ ಬಂದಿದ್ದರು. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಸುವವರು ಯಾರು ಅಂತ ಅಮ್ಮ ಊರಲ್ಲೇ ಉಳಿದಿದ್ದಳು. ವಿಮಾನ ಇಳಿದು ಮನೆಗೆ ಬರುವ ದಾರಿಯಲ್ಲಿ ಬೋರ್ಡೋ ಊರಿನ ಕಡೆಗೆ ಬಾಣ ತೋರಿಸುವ ಫಲಕ ಕಂಡು, ಓದಿ ಹೇಳಿದಾಗ ಅಪ್ಪನಿಗೆ ಆದ ಖುಷಿ ಐಫೆಲ್ ಗೋಪುರ ನೋಡಿದಾಗಲೂ ಆಗಲಿಲ್ಲ. ಜೀವನವಿಡೀ ಮೈಲುತುತ್ತು, ಸುಣ್ಣ ಕಲಸಿ ಬೋರ್ಡೋ ದ್ರಾವಣ ಮಾಡಿದ ಮನುಷ್ಯ. ಅದೊಂದು ಊರಿನ ಹೆಸರು ಅಂತ ಅವತ್ತೇ ಗೊತ್ತಾಗಿದ್ದು. ಅಮ್ಮನಿಗೆ ಫೋನ್ ಮಾಡಿ ಮೊದಲು ಹೇಳಿದ್ದೂ ಅದನ್ನೇ.

ಟೂರ್ ಡಿ ಫ್ರಾನ್ಸ್ ಅನ್ನುವ ಸೈಕಲ್ ರೇಸ್ ನೋಡೋಕೆ ಹೋಗೋಣ ಅಂತ ನಾನೇ ಹೊರಡಿಸಿದ್ದು. ಅದರ ಒಂದೊಂದು ದಿನದ ಓಟಕ್ಕೆ ಒಂದು ಹಂತ ಅನ್ನುತ್ತಾರೆ. ಅವತ್ತಿನ ಹಂತ ತಾರ್ಬ್ ಊರಿನಿಂದ ಶುರುವಾಗಿ ಕೋತರೆ ಬೆಟ್ಟದ ಮೇಲೆ ಮುಗಿಯುವಂಥದ್ದು, 145 ಕಿಲೋಮೀಟರಿಗೆ ನೂರು ಮೀಟರ್ ಕಡಿಮೆ. ನಡುವೆ ಆಸ್ಪ್ಯಾಂ ಘಾಟಿ, ಆಮೇಲೆ ತುರ್ಮಾಲೆ ಘಾಟಿ. ಎರಡರ ಬುಡದಲ್ಲಿ ಕೂತಿರುವುದು ಸಂತೆಮಾರಿ. ಆಸ್ಪ್ಯಾಂನಿಂದ ಇಳಿದು ಬಂದವರು ಊರಿನ ಕೂಡುರಸ್ತೆಯಲ್ಲಿ ಎಡಕ್ಕೆ ತಿರುಗಬೇಕು, ತಿರುಗಿದ ಕೂಡಲೇ ತುರ್ಮಾಲೆ ಹತ್ತಬೇಕು. ಇಳಿಜಾರಿನಲ್ಲಿ ನಿಂತರೆ ಬಣ್ಣ ಮಾತ್ರ ಕಾಣುತ್ತದೆ, ಮುಖ ಕಾಣುವುದಿಲ್ಲ. ತಿರುವಿನಲ್ಲಾದರೆ ಬ್ರೇಕ್ ಹಿಡಿಯಲೇಬೇಕಲ್ಲ. ಅದಕ್ಕೇ ಆ ಜಾಗ ಆರಿಸಿದ್ದೆ.

ಬೆಳಗ್ಗೆ ಆರಕ್ಕೆ ಮನೆ ಬಿಟ್ಟೆವು. ಮೊಸರನ್ನದ ಡಬ್ಬಿ, ಚಪಾತಿ ಸುರುಳಿ, ಚಟ್ನಿಪುಡಿ ಎಲ್ಲ ಚೀಲದಲ್ಲಿತ್ತು. ಸಂತೆಮಾರಿಗಿಂತ ಸ್ವಲ್ಪ ಕೆಳಗೆ ಕಾಂಪಾನ್ ಊರು ಸಿಗುತ್ತದೆ. ಅಲ್ಲಿ ಬಾಗಿಲ ಬಳಿ, ಜಗಲಿ ಮೇಲೆ, ಕಿಟಕಿಯಲ್ಲಿ ಜನ ಕೂತಿದ್ದರು. ಅಲ್ಲಾಡುತ್ತಲೇ ಇರಲಿಲ್ಲ. ಹತ್ತಿರ ಹೋದರೆ ಗೊಂಬೆಗಳು. ಹಳೆ ಬಟ್ಟೆ ತುಂಬಿ ಮನುಷ್ಯನಷ್ಟೇ ಎತ್ತರ ಮಾಡಿ ಕೂರಿಸಿದ್ದಾರೆ. ಮೂನಾಕ್ ಅನ್ನುತ್ತಾರೆ. ಹಿಂದೆ ಮದುವೆಯಲ್ಲಿ ಏನಾದರೂ ಎಡವಟ್ಟು ಕಂಡರೆ, ಮುದುಕ ಚಿಕ್ಕ ಹುಡುಗಿಯನ್ನು ಕಟ್ಟಿಕೊಂಡರೆ, ಊರಿನವರು ಇಂಥ ಗೊಂಬೆ ಮಾಡಿ ಗೇಲಿ ಮಾಡುತ್ತಿದ್ದರಂತೆ. ಈಗ ಬೇಸಿಗೆಯ ಅಲಂಕಾರ.

"ಬೆರ್ಚಪ್ಪ" ಅಂದರು ಅಪ್ಪ. "ಗದ್ದೆ ಬಿಟ್ಟು ಮನೆ ಒಳಗೆ ಬಂದು ಕೂತಿದ್ದಾನೆ."

ಸಂತೆಮಾರಿ ತಲುಪಿದಾಗ ಒಂಬತ್ತು ಆಗಿರಲಿಲ್ಲ. ಸಣ್ಣ ಊರು. ಒಂದು ಇಗರ್ಜಿ, ಕಲ್ಲಿನ ಮನೆಗಳು, ಕೂಡುರಸ್ತೆ, ಕೆಳಗೆ ನೀರಿನ ಸದ್ದು. ಅಡೂರ್ ಅನ್ನುವ ನದಿಯ ಎರಡು ಕವಲು ಇಲ್ಲೇ ಸೇರುತ್ತವೆ. ಒಂದು ಪಯೋಲ್ ಕಡೆಯದು, ಇನ್ನೊಂದು ಗ್ರಿಪ್ ಕಡೆಯದು. ರೇಸ್ ಇಳಿಯುವುದು ಪಯೋಲ್ ಹೊಳೆ ಬದಿಯಲ್ಲಿ, ಹತ್ತುವುದು ಗ್ರಿಪ್ ಹೊಳೆ ಬದಿಯಲ್ಲಿ. ಇದನ್ನು ಹೇಳಿದಾಗ ಅಪ್ಪ ಎರಡೂ ಬದಿ ಕೈ ತೋರಿಸಿ ಲೆಕ್ಕ ಹಾಕಿದರು. "ಹಂಗಾದ್ರೆ ಇದು ಕೂಡ್ಲಿ."

ಹೊಲದ ಗೇಟಿನ ಪಕ್ಕ ನೆರಳು ಹುಡುಕಿ ನಿಂತೆವು. ಎದುರು ಮನೆಯ ಅಜ್ಜ ಒಬ್ಬರು ಮಡಚುವ ಕುರ್ಚಿ ಹಾಕಿ ಕೂತಿದ್ದರು. ಎಂಬತ್ತು ದಾಟಿರಬೇಕು. ಅಪ್ಪ ನಿಂತೇ ಇರುವುದನ್ನು ಐದು ನಿಮಿಷ ನೋಡಿದರು. ಎದ್ದು ಒಳಗೆ ಹೋಗಿ ಊಟದ ಮೇಜಿನ ಮರದ ಕುರ್ಚಿಯೊಂದನ್ನು ಎತ್ತಿಕೊಂಡು ಬಂದರು. ಬೇಡ ಬೇಡ ಅಂದರೂ ಕೇಳಲಿಲ್ಲ. ಅಪ್ಪ ಕೂತರು. ಇಬ್ಬರಿಗೂ ಒಂದೇ ಒಂದು ಮಾತು ಪರಸ್ಪರ ಗೊತ್ತಿಲ್ಲ. ನಡುವೆ ನಾನು.

ನೋಡೋಕೆ ಬಂದವರು ಕಾಯುವ ಹೊತ್ತು ದೊಡ್ಡದು. ಐದಾರು ಗಂಟೆ. ಅಷ್ಟು ಹೊತ್ತಿಗೆ ರಸ್ತೆ ಮುಚ್ಚಿರುತ್ತಾರೆ, ಎಲ್ಲಿಗೂ ಹೋಗುವ ಹಾಗಿಲ್ಲ. ಸಿಗ್ನಲ್ ಇದ್ದರೂ ಎಲ್ಲರೂ ಒಟ್ಟಿಗೆ ಫೋನ್ ಹಿಡಿದಿರುವುದರಿಂದ ಏನೂ ತೆರೆಯುವುದಿಲ್ಲ. ಹಾಗಾಗಿ ಅಜ್ಜ ಕಥೆ ಹೇಳಿದರು. ಅವರ ಊರಿಗೆ ಇರುವುದು ಒಂದೇ ದೊಡ್ಡ ಕಥೆ. ನನಗೆ ಮೊದಲೇ ಗೊತ್ತಿತ್ತು. ಆದರೆ ಅಪ್ಪನಿಗಾಗಿ ಅನುವಾದ ಮಾಡುತ್ತಾ ಹೋದಾಗ ಅದು ಬೇರೆಯೇ ಕಥೆ ಆಯಿತು.

1913. ಆ ವರ್ಷದ ಟೂರ್‌ನ ಆರನೇ ಹಂತ, ಬಯೋನ್‌ನಿಂದ ಲುಶೋನ್‌ಗೆ, ಒಂದೇ ದಿನದಲ್ಲಿ 326 ಕಿಲೋಮೀಟರ್. ಅದರಲ್ಲಿ ನಾಲ್ಕೈದು ಘಾಟಿ. ರಸ್ತೆ ಮಣ್ಣಿನದು. ಗೇರ್ ಬದಲಿಸುವ ಸೌಕರ್ಯ ಇಲ್ಲ. ಯುಜೆನ್ ಕ್ರಿಸ್ತೋಫ್ ಅನ್ನುವ ಸವಾರ ತುರ್ಮಾಲೆ ದಾಟಿದಾಗ ಎರಡನೆಯವನು. ಟೂರ್ ಗೆಲ್ಲುವ ಅವಕಾಶ ಚೆನ್ನಾಗಿಯೇ ಇತ್ತು. ಇಳಿಜಾರಿನಲ್ಲಿ ಸೈಕಲ್ಲಿನ ಫೋರ್ಕ್ ಮುರಿಯಿತು. ಮುಂದಿನ ಚಕ್ರ ಹಿಡಿದುಕೊಳ್ಳುವ ಕವೆ ಅದು. ಅದಿಲ್ಲದೆ ಸೈಕಲ್ ಅಲುಗುವುದಿಲ್ಲ.

ಬೇರೆ ಸೈಕಲ್ ತೆಗೆದುಕೊಳ್ಳುವ ಹಾಗಿರಲಿಲ್ಲ, ಯಾರ ಸಹಾಯವನ್ನೂ ಪಡೆಯುವ ಹಾಗಿರಲಿಲ್ಲ. ನಿಯಮ ಅಷ್ಟು ಬಿಗಿ. ಆತ ಸೈಕಲ್ ಹೆಗಲಿಗೆ ಹಾಕಿ ಹತ್ತು ಕಿಲೋಮೀಟರಿಗೂ ಜಾಸ್ತಿ ನಡೆದು ಈ ಸಂತೆಮಾರಿಗೆ ಬಂದ. ದಾರಿಯಲ್ಲಿ ಒಬ್ಬೊಬ್ಬರೇ ಹಿಂದಿಕ್ಕಿ ಹೋದರು. ಇಲ್ಲಿ ಲಕೋಂತ್ ಅನ್ನುವವರ ಕುಲುಮೆ ಇತ್ತು. ಕುಲುಮೆಯವರು ಹೇಗೆ ಮಾಡಬೇಕು ಅಂತ ಬಾಯಲ್ಲಿ ಹೇಳಬಹುದು, ಕೈ ಹಚ್ಚುವ ಹಾಗಿಲ್ಲ. ರೇಸಿನ ಅಧಿಕಾರಿಗಳು ಪಕ್ಕದಲ್ಲೇ ನಿಂತು ಕಣ್ಣಿಟ್ಟಿದ್ದರು. ಪುಣ್ಯಕ್ಕೆ ಕ್ರಿಸ್ತೋಫ್ ರೇಸಿಗೆ ಬರುವ ಮೊದಲು ಬೀಗ ಮಾಡುವ ಕೆಲಸ ಕಲಿತವನು, ಕಬ್ಬಿಣ ಗೊತ್ತಿತ್ತು. ಮೂರು ಗಂಟೆಯ ಸುಮಾರು ಕೆಲಸ ಮಾಡಿ ಫೋರ್ಕ್ ಬೆಸೆದ. ಮತ್ತೆ ಸೈಕಲ್ ಹತ್ತಿದ. ಇನ್ನೂ ಎರಡು ಘಾಟಿ ಬಾಕಿ ಇತ್ತು, ಹತ್ತಿ ಇಳಿದು ಲುಶೋನ್ ತಲುಪಿದ. ಆ ಟೂರ್‌ನಲ್ಲಿ ಕೊನೆಗೆ ಏಳನೆಯವನಾದ. ಗೆದ್ದದ್ದು ಬೆಲ್ಜಿಯಂನ ಫಿಲಿಪ್ ತೀಸ್.

ಇಷ್ಟಕ್ಕೆ ಮುಗಿದಿದ್ದರೆ ಇದು ಛಲದ ಕಥೆ. ಆದರೆ ಅಧಿಕಾರಿಗಳು ಕ್ರಿಸ್ತೋಫ್‌ಗೆ ಹತ್ತು ನಿಮಿಷ ದಂಡ ಹಾಕಿದರು. ಕಾರಣ, ಅವನು ಕಬ್ಬಿಣ ಬಡಿಯುವಾಗ ಒಬ್ಬ ಚಿಕ್ಕ ಹುಡುಗ ತಿದಿ ಒತ್ತಿದ್ದ. ಅದು ಹೊರಗಿನವರ ಸಹಾಯ. ನಾಲ್ಕು ಗಂಟೆಯ ಹತ್ತಿರ ಕಳೆದುಕೊಂಡವನಿಗೆ ಮೇಲಿಂದ ಹತ್ತು ನಿಮಿಷ. ಆಮೇಲೆ ಮನಸ್ಸು ಕರಗಿ ಮೂರು ನಿಮಿಷಕ್ಕೆ ಇಳಿಸಿದರು.

ಅಜ್ಜ ಇಷ್ಟು ಹೇಳಿ ನಕ್ಕರು. ಇದು ಊರಿನವರು ಯಾವಾಗಲೂ ನಗುವ ಜಾಗ ಅಂತ ಕಾಣುತ್ತದೆ. ಅಪ್ಪ ನಗಲಿಲ್ಲ.

"ಆ ಹುಡುಗ ಯಾರು?"

ಏಳು ವರ್ಷದವನಂತೆ, ಹೆಸರು ಕಾರ್ನಿ ಅಂತೆ ಅಂದೆ.

"ಆಮೇಲೆ ಎಂತ ಆಯ್ತು ಅವನಿಗೆ?"

ಅಜ್ಜನನ್ನು ಕೇಳಿದೆ. ಅವರು ಭುಜ ಕುಣಿಸಿದರು. ಅಷ್ಟೇ.

ಅಪ್ಪ ಸ್ವಲ್ಪ ಹೊತ್ತು ರಸ್ತೆ ನೋಡುತ್ತಾ ಕೂತಿದ್ದರು. ಆಮೇಲೆ ಮಾತು ಬಂತು. ಅವರು ಶಾಲೆಗೆ ಹೋಗುವ ದಾರಿಯಲ್ಲಿ ಆಚಾರ್ರ ಕುಲುಮೆ ಇತ್ತಂತೆ. ಹುಡುಗರಿಗೆ ಅಲ್ಲಿ ಒಂದೇ ಆಸೆ, ಬುಗುರಿಗೆ ಮೊಳೆ. ಪೇಟೆಯ ಮೊಳೆ ನಿಲ್ಲುವುದಿಲ್ಲ. ಆಚಾರ್ರು ಬಡಿದು ಚೂಪು ಮಾಡಿ ಕೂರಿಸಿದ ಮೊಳೆಯೇ ಬೇಕು. ಕಾಸು ಕೇಳುತ್ತಿರಲಿಲ್ಲ. ಬದಲಿಗೆ ಒಂದು ಕುಡುಗೋಲು ಮುಗಿಯುವವರೆಗೆ ತಿದಿ ಒತ್ತಬೇಕು. ಚರ್ಮದ ದೊಡ್ಡ ತಿದಿ. ಹುಡುಗರು ಕೋಲಿಗೆ ಪೂರ್ತಿ ನೇತುಬಿದ್ದರೆ ಮಾತ್ರ ಕೆಳಗೆ ಬರುತ್ತಿತ್ತು.

"ಸುಮ್ನೆ ಗಾಳಿ ಹಾಕೋದಲ್ಲ ಅದು" ಅಂದರು ಅಪ್ಪ. ಕೈಯಲ್ಲೇ ತೋರಿಸಿದರು. ಎಡಗೈಯಲ್ಲಿ ಇಕ್ಕಳ, ಬಲಗೈಯಲ್ಲಿ ಸುತ್ತಿಗೆ. ಕಬ್ಬಿಣ ಕೆಂಪಾದರೆ ಸಾಲದು, ಕಿತ್ತಳೆ ಬಣ್ಣಕ್ಕೆ ಬರಬೇಕು. ಬಂದ ಕೂಡಲೇ ಎಳೆದು ಅಡಿಗಲ್ಲಿನ ಮೇಲೆ ಇಟ್ಟು ಬಡಿಯಬೇಕು. ನಾಲ್ಕು ಏಟು ಬೀಳುವಷ್ಟರಲ್ಲಿ ಬಣ್ಣ ಇಳಿಯುತ್ತದೆ, ಮತ್ತೆ ಬೆಂಕಿಗೆ. ಅಷ್ಟರಲ್ಲಿ ಕೆಂಡ ಮಂಕಾಗಿರಬಾರದು. ಜಾಸ್ತಿ ಊದಿದರೆ ಇದ್ದಿಲು ಸುಮ್ಮನೆ ಉರಿದು ಹೋಗುತ್ತದೆ, ಕಬ್ಬಿಣ ಕಿಡಿ ಕಾರುತ್ತದೆ. ಕಡಿಮೆಯಾದರೆ ಬೆಸುಗೆ ಕೂರುವುದಿಲ್ಲ. ಆಚಾರ್ರು ಬಾಯಿ ಬಿಡುತ್ತಿರಲಿಲ್ಲವಂತೆ, ಗಲ್ಲ ಆಡಿಸುತ್ತಿದ್ದರು. ಅದನ್ನು ನೋಡಿ ಒತ್ತಬೇಕು. "ಎರಡು ಕೈಯಲ್ಲಿ ಎರಡು ಕೆಲಸ ಇರುವವನು ತಿದಿ ಯಾವ ಕೈಯಲ್ಲಿ ಒತ್ತೋದು? ಆ ಅಧಿಕಾರಿ ಕುಲುಮೆ ನೋಡಿದವನಲ್ಲ."

ನೂರಾ ಹತ್ತು ವರ್ಷ ಹಳೆಯ ದಂಡಕ್ಕೆ ಅಪ್ಪ ಇಷ್ಟು ಸಿಟ್ಟಾಗುತ್ತಾರೆ ಅಂದುಕೊಂಡಿರಲಿಲ್ಲ. ಅಜ್ಜನಿಗೆ ಇದನ್ನೆಲ್ಲ ಹೇಳಿದೆ. ಅವರಿಗೆ ಅರ್ಥವಾದದ್ದು ಬುಗುರಿ. ಕೈ ಬೆರಳಲ್ಲಿ ತಿರುಗಿಸಿ ತೋರಿಸಿದರು, ಹೌದಾ ಅನ್ನುವ ಹಾಗೆ. ಅಪ್ಪ ಹೌದು ಅಂತ ತಲೆ ಆಡಿಸಿದರು.

ಊರಲ್ಲಿ ಆ ಕುಲುಮೆಯ ಜಾಗಕ್ಕೆ ಫಲಕ ಹಾಕಿದ್ದಾರೆ. ಕ್ರಿಸ್ತೋಫ್‌ನ ಪ್ರತಿಮೆಯೂ ಇದೆ. ಮಧ್ಯಾಹ್ನದೊಳಗೆ ಒಂದು ಸುತ್ತು ಹೋಗಿ ನೋಡಿ ಬಂದೆವು. ಅಪ್ಪ ಪ್ರತಿಮೆಯ ಹಿಂದೆ ಮುಂದೆ ನೋಡಿದರು. ಅವರು ಯಾರನ್ನು ಹುಡುಕುತ್ತಿದ್ದರು ಅಂತ ನನಗೆ ಗೊತ್ತಿತ್ತು, ಕೇಳಲಿಲ್ಲ.

ಒಂದು ಗಂಟೆ ದಾಟಿದ ಮೇಲೆ ಜಾಹೀರಾತಿನ ಮೆರವಣಿಗೆ ಬಂತು. ರೇಸಿಗಿಂತ ಹೆಚ್ಚುಕಡಿಮೆ ಎರಡು ಗಂಟೆ ಮುಂಚೆ ಬರುತ್ತದೆ. ಸಾಲು ಸಾಲು ಗಾಡಿಗಳು. ಒಂದರ ಮೇಲೆ ಆಳೆತ್ತರದ ಕೋಳಿ, ಇನ್ನೊಂದರ ಮೇಲೆ ದೊಡ್ಡ ಬಾಟಲಿ. ಜೋರು ಹಾಡು. ಗಾಡಿ ಮೇಲೆ ಬೆಲ್ಟಿನಲ್ಲಿ ಕಟ್ಟಿಕೊಂಡು ನಿಂತ ಹುಡುಗ ಹುಡುಗಿಯರು ಎರಡೂ ಕಡೆ ಏನಾದರೂ ಎಸೆಯುತ್ತಾ ಹೋಗುತ್ತಾರೆ. ಟೋಪಿ, ಬಿಸ್ಕತ್ತು, ಕೀ ಚೈನು. ಜನ ಬೀಳುವುದೇನು, ಏಳುವುದೇನು. ದೊಡ್ಡ ದೊಡ್ಡ ಕಾರಿನಲ್ಲಿ ಬಂದವರು ಒಂದು ಬಟ್ಟೆ ಟೋಪಿಗೆ ಮಕ್ಕಳ ಜೊತೆ ಕಿತ್ತಾಡುತ್ತಿದ್ದರು. ನಾನೂ ಕಿತ್ತಾಡಿದೆ. ಬಿಳಿಯ ಮೇಲೆ ಕೆಂಪು ಚುಕ್ಕೆಯ ಟೋಪಿ ಒಂದು ಸಿಕ್ಕಿತು. ಬೆಟ್ಟ ಹತ್ತುವುದರಲ್ಲಿ ಮುಂದಿರುವವನು ಹಾಕುವ ಅಂಗಿಯ ಬಣ್ಣ ಅದು.

ಅಪ್ಪ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಕೊಶೋನು ಅನ್ನುವ ಕಂಪನಿಯ ಕೆಂಪು ಬಿಳಿ ಚೌಕಳಿಯ ಗಾಡಿಯಿಂದ ಒಂದು ಪೊಟ್ಟಣ ನೇರ ಬಂದು ಮಡಿಲಲ್ಲಿ ಬಿತ್ತು. ಖುಷಿಯಿಂದ ಎತ್ತಿ ತಿರುಗಿಸಿ ಮುರುಗಿಸಿ ನೋಡಿದರು. "ಖರ್ಜೂರವಾ?"

ಹಂದಿ ಮಾಂಸದ ಸಾಸೇಜು ಅಂದೆ.

ಎರಡು ಬೆರಳಲ್ಲಿ ಹಿಡಿದು, ಒಂದು ಗಳಿಗೆ ಸುತ್ತ ನೋಡಿ, ಅಜ್ಜನ ಮಡಿಲಿಗೆ ಇಟ್ಟರು. ಅಜ್ಜ ಥ್ಯಾಂಕ್ಸ್ ಹೇಳಿ ಜೇಬಿನಿಂದ ಚಾಕು ತೆಗೆದು ಅಲ್ಲೇ ಕತ್ತರಿಸಿ ಬಾಯಿಗೆ ಹಾಕಿಕೊಂಡರು. ಅಪ್ಪ ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿದರು. ಆಮೇಲೆ ಚೀಲದಿಂದ ಚಪಾತಿ ಸುರುಳಿ ತೆಗೆದು ಅವರಿಗೂ ಒಂದು ಕೊಟ್ಟರು. ಚಟ್ನಿಪುಡಿಯ ಖಾರಕ್ಕೆ ಅಜ್ಜನ ಕಣ್ಣಲ್ಲಿ ನೀರು. ಪೂರ್ತಿ ತಿಂದರು ಮಾತ್ರ.

"ನಮ್ಮಲ್ಲಿ ಜನ ತೇರಿಗೆ ಬಾಳೆಹಣ್ಣು ಎಸೀತಾರೆ" ಅಂದರು ಅಪ್ಪ. "ಇಲ್ಲಿ ತೇರೇ ಜನರಿಗೆ ಎಸೀತದೆ. ಇದು ಲಾಯ್ಕಿದೆ."

ಮೆರವಣಿಗೆ ಹೋದ ಮೇಲೆ ಮತ್ತೆ ಕಾಯುವುದು. ಅಪ್ಪನ ಪ್ರಶ್ನೆ ಇನ್ನೂ ಅಲ್ಲೇ ಇತ್ತು. ಈಗಲೂ ಸಹಾಯ ಮಾಡಿದರೆ ದಂಡವಾ?

ಉತ್ತರ ಹೇಳುವುದು ಸುಲಭ ಅಲ್ಲ. ಈ ಆಟ ಪೂರ್ತಿ ನಿಂತಿರುವುದೇ ಸಹಾಯದ ಮೇಲೆ. ಆ ವರ್ಷ 22 ತಂಡ, ಒಂದೊಂದರಲ್ಲಿ 8 ಜನ, ಒಟ್ಟು 176 ಸವಾರರು ಹೊರಟಿದ್ದರು. ತಂಡದಲ್ಲಿ ಗೆಲ್ಲಬೇಕಾದವನು ಹೆಚ್ಚಾಗಿ ಒಬ್ಬನೇ. ಉಳಿದವರು ಅವನ ಮುಂದೆ ಸವಾರಿ ಮಾಡಿ ಗಾಳಿ ಒಡೆಯುತ್ತಾರೆ. ಇನ್ನೊಬ್ಬನ ಬೆನ್ನ ಹಿಂದೆ ಅಂಟಿಕೊಂಡು ಹೋದರೆ ಮೂರರಲ್ಲಿ ಒಂದು ಪಾಲಿನಷ್ಟು ಶಕ್ತಿ ಉಳಿಯುತ್ತದೆ. ಹಿಂದೆ ಬರುವ ಕಾರಿಗೆ ಹೋಗಿ ಬೆನ್ನಿನ ಜೇಬಿನಲ್ಲಿ, ಅಂಗಿಯೊಳಗೆ ಆರೇಳು ನೀರಿನ ಬಾಟಲಿ ತುಂಬಿಕೊಂಡು ಮತ್ತೆ ಮುಂದೆ ಬಂದು ಹಂಚುತ್ತಾರೆ. ಯಜಮಾನನ ಚಕ್ರ ಪಂಕ್ಚರ್ ಆದರೆ ತಮ್ಮ ಚಕ್ರ ಕಳಚಿ ಕೊಡುತ್ತಾರೆ. 1934ರಲ್ಲಿ ರೆನೆ ವಿಯೆಟ್ಟೊ ಅನ್ನುವ 20 ವರ್ಷದ ಹುಡುಗ ಇದೇ ಪಿರೆನೀಸ್ ಬೆಟ್ಟಸಾಲಿನಲ್ಲಿ ತನ್ನ ನಾಯಕ ಮಾನ್ಯನಿಗೆ ಚಕ್ರ ಕೊಟ್ಟು, ರಸ್ತೆ ಬದಿಯ ಕಲ್ಲಿನ ಗೋಡೆ ಮೇಲೆ ಅಳುತ್ತಾ ಕೂತ ಫೋಟೋ ಇದೆ. ಆ ಟೂರ್ ಮಾನ್ಯ ಗೆದ್ದ. ಫೋಟೋ ಮಾತ್ರ ಉಳಿದದ್ದು ವಿಯೆಟ್ಟೊನದು.

ಇಂಥವರಿಗೆ ಫ್ರೆಂಚಿನಲ್ಲಿ ದೊಮೆಸ್ತಿಕ್ ಅನ್ನುತ್ತಾರೆ. ಮನೆಯಾಳು ಅಂತ ಅರ್ಥ. ಅದು ಮೊದಲು ಬೈಗುಳ. ಟೂರ್ ಶುರು ಮಾಡಿದ ಆನ್ರಿ ದೆಗ್ರಾಂಜ್ 1911ರಲ್ಲಿ ಮೋರಿಸ್ ಬ್ರೊಕ್ಕೊ ಅನ್ನುವವನು ಇನ್ನೊಬ್ಬನಿಗೆ ನೆರವಾದನೆಂದು ಸಿಟ್ಟಿನಲ್ಲಿ ಹಾಗೆ ಕರೆದ. ದೆಗ್ರಾಂಜ್‌ಗೆ ಪ್ರತಿಯೊಬ್ಬನೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಅನ್ನುವ ಹುಚ್ಚು. ಬೈಗುಳ ಈಗ ಕೆಲಸದ ಹೆಸರು. ಅದಕ್ಕೆ ಸಂಬಳ ಇದೆ.

ಆದರೆ ಸಹಾಯಕ್ಕೆ ಬೇಲಿ ಇನ್ನೂ ಇದೆ. 2015ರಲ್ಲಿ ಇಟಲಿಯ ಜಿರೋ ದಿತಾಲಿಯಾ ಸೈಕಲ್ ರೇಸಿನಲ್ಲಿ ರಿಚಿ ಪೋರ್ಟ್‌ನ ಚಕ್ರ ಪಂಕ್ಚರ್ ಆಯಿತು. ಪಕ್ಕದಲ್ಲಿದ್ದ ಸೈಮನ್ ಕ್ಲಾರ್ಕ್ ತನ್ನ ಚಕ್ರ ಬಿಚ್ಚಿ ಕೊಟ್ಟ. ಇಬ್ಬರೂ ಆಸ್ಟ್ರೇಲಿಯಾದವರು, ಆದರೆ ತಂಡ ಬೇರೆ. ಪೋರ್ಟ್‌ಗೆ ಎರಡು ನಿಮಿಷ ದಂಡ ಬಿತ್ತು. ಅಪ್ಪನಿಗೆ ಇದು ಕೇಳಿ ಸಮಾಧಾನ ಆಯಿತೋ ಬೇಜಾರಾಯಿತೋ ತಿಳಿಯಲಿಲ್ಲ. "ಮೂರರಿಂದ ಎರಡಕ್ಕೆ ಇಳಿದಿದೆ" ಅಂದರು. "ಇನ್ನೊಂದು ನೂರು ವರ್ಷಕ್ಕೆ ಸರಿ ಆಗ್ತದೆ."

ಮೂರು ಗಂಟೆಯ ಹೊತ್ತಿಗೆ ಹೆಲಿಕಾಪ್ಟರ್ ಸದ್ದು. ಬೆಟ್ಟದ ಸಂದಿಯಲ್ಲಿ ಅದು ಮೊದಲು ನೆಲದಿಂದ ಬಂದ ಹಾಗೆ ಕೇಳುತ್ತದೆ, ಆಮೇಲೆ ತಲೆ ಮೇಲೆ. ಅಜ್ಜ ಎದ್ದು ನಿಂತರು. ಪೊಲೀಸರ ಮೋಟಾರ್ ಬೈಕು, ಕೆಂಪು ಕಾರು, ಮತ್ತೆ ಬೈಕು. ರಸ್ತೆಯ ಎರಡೂ ಬದಿ ಜನ ಇದ್ದಕ್ಕಿದ್ದ ಹಾಗೆ ಬಗ್ಗಿ ನೋಡಿದರು.

ಮೊದಲ ಗುಂಪು ಬಂತು. ಇಪ್ಪತ್ತರ ಆಸುಪಾಸು ಇರಬೇಕು. ಮನೆಗಳ ನಡುವಿನಿಂದ ಬಾಣದ ಹಾಗೆ ಇಳಿದವರು ತಿರುವಿನಲ್ಲಿ ಒಟ್ಟಿಗೆ ಬ್ರೇಕ್ ಹಿಡಿದರು. ಟಿವಿಯಲ್ಲಿ ಈ ಸದ್ದು ಕೇಳಿಸುವುದಿಲ್ಲ. ಪೆಡಲ್ ನಿಲ್ಲಿಸಿದ ಸೈಕಲ್ಲುಗಳ ಹಿಂದಿನ ಚಕ್ರದ ಜೀರುಂಡೆ ಸದ್ದು, ಮಳೆಗಾಲದ ಸಂಜೆ ಮನೆ ಹಿಂದಿನ ಕಾಡು ಕೂಗಿದ ಹಾಗೆ. ತಿರುಗಿದ ಕೂಡಲೇ ಜೀರುಂಡೆ ನಿಂತಿತು. ಟಕ್ ಟಕ್ ಟಕ್ ಅಂತ ಗೇರ್ ಬಿದ್ದವು. ಆಮೇಲೆ ಉಸಿರು. ಅಷ್ಟು ಹತ್ತಿರ. ಒಬ್ಬನ ಮೊಣಕೈಯಿಂದ ಅಂಗೈವರೆಗೆ ಸಿಪ್ಪೆ ಸುಲಿದ ಹಾಗೆ ಗಾಯ ಇತ್ತು, ಅದರ ಮೇಲೆ ಬಲೆಯಂಥ ಬಟ್ಟೆ. ಇನ್ನೊಬ್ಬ ಜೆಲ್ಲಿ ಪೊಟ್ಟಣ ಹಲ್ಲಲ್ಲಿ ಕಚ್ಚಿ ಹರಿಯುತ್ತಿದ್ದ. ಎಲ್ಲರ ಕಾಲೂ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಕೆನ್ನೆ ಮಾತ್ರ ಒಳಗೆ ಹೋಗಿತ್ತು. ಅಪ್ಪ ಆಮೇಲೆ ಹೇಳಿದ್ದು ಅದೇ, "ಊಟ ಹಾಕೋದಿಲ್ವಾ ಇವಕ್ಕೆ?"

ಆ ಗುಂಪಿನಲ್ಲಿ ಬೆಲ್ಜಿಯಂನ ವೌಟ್ ವಾನ್ ಆರ್ಟ್ ಇದ್ದ. ಎಷ್ಟೋ ರೇಸ್ ಗೆದ್ದವನು. ಅವತ್ತು ಅವನು ಮುಂದೆ ಇದ್ದದ್ದು ತನಗಾಗಿ ಅಲ್ಲ. ಹಿಂದೆ ಬರುವ ತನ್ನ ನಾಯಕ ಯೋನಾಸ್ ವಿಂಗೆಗೋರ್ ತುರ್ಮಾಲೆ ದಾಟಿ ಆಚೆ ಇಳಿಯುವಾಗ ಅವನನ್ನು ಎಳೆದುಕೊಂಡು ಹೋಗಲು ಒಬ್ಬ ಬೇಕಲ್ಲ, ಅದಕ್ಕೆ.

ಕೆಲವು ನಿಮಿಷ ಬಿಟ್ಟು ದೊಡ್ಡ ಗುಂಪು. ಹಳದಿ ಅಂಗಿಯ ಜೈ ಹಿಂಡ್ಲಿ ಇದರಲ್ಲೇ ಇದ್ದ. ಎಲ್ಲ ಹಂತಗಳ ಒಟ್ಟು ಸಮಯದಲ್ಲಿ ಮುಂದಿರುವವನು ತೊಡುವ ಅಂಗಿ ಅದು. ಹಿಂದಿನ ದಿನವಷ್ಟೇ ಅವನಿಗೆ ಸಿಕ್ಕಿತ್ತು. ಹೆಸರು ಹೇಳಿದಾಗ ಅಪ್ಪ ಸಟಕ್ಕನೆ ತಿರುಗಿದರು. "ಜೈ ಹಿಂದಾ?" ಆಸ್ಟ್ರೇಲಿಯಾದವನು ಅಂತ ಹೇಳಿ ಮುಗಿಸುವಷ್ಟರಲ್ಲಿ ಹಳದಿ ಅಂಗಿ ತಿರುವು ದಾಟಿತ್ತು. ವಿಂಗೆಗೋರ್, ಅವನ ಎದುರಾಳಿ ಪೊಗಾಚಾರ್ ಇಬ್ಬರನ್ನೂ ನಾನು ಗುರುತು ಹಿಡಿದೆ ಅಂತ ಅಂದುಕೊಂಡಿದ್ದೇನೆ. ಖಾತ್ರಿ ಕೇಳಬೇಡಿ. ನಾನು ತೆಗೆದ ವಿಡಿಯೋದಲ್ಲಿ ಇರುವುದು ಒಬ್ಬ ದಪ್ಪ ಮನುಷ್ಯನ ಬೆನ್ನು.

ಹಿಂದೆ ತಂಡಗಳ ಕಾರುಗಳು, ತಲೆ ಮೇಲೆ ಸೈಕಲ್ಲುಗಳ ಕೊಂಬು ಹೊತ್ತುಕೊಂಡು. ಒಂದರ ಕಿಟಕಿಯಿಂದ ಮೆಕ್ಯಾನಿಕ್ ಸೊಂಟದವರೆಗೂ ಹೊರಗೆ ಬಾಗಿದ್ದ. ಪಕ್ಕದಲ್ಲಿ ಓಡುತ್ತಿದ್ದ ಸೈಕಲ್ಲಿನ ಸೀಟಿನ ಕೆಳಗೆ ಏನನ್ನೋ ತಿರುಪುತ್ತಿದ್ದ. ಸವಾರ ಒಂದು ಕೈಯಲ್ಲಿ ಕಾರು ಹಿಡಿದಿದ್ದ. ಮೆರವಣಿಗೆ ಬಂದ ಮೇಲೆ ಅಪ್ಪ ಮೊದಲ ಸಲ ಕುರ್ಚಿಯಿಂದ ಎದ್ದರು. ಅವರಿಗೆ ರೇಸ್ ಶುರುವಾದದ್ದು ಇಲ್ಲಿಂದ.

ಜನರಲ್ಲಿ ಅರ್ಧಕ್ಕರ್ಧ ಆಗಲೇ ಕಾರಿನ ಕಡೆ ನಡೆದಿದ್ದರು. ಮುಂದೆ ತುರ್ಮಾಲೆ, 17 ಕಿಲೋಮೀಟರ್ ಏರು. ಊರು ಇರುವುದು 850 ಮೀಟರ್ ಎತ್ತರದಲ್ಲಿ, ಘಾಟಿಯ ನೆತ್ತಿ 2115. ನಮ್ಮ ಮುಳ್ಳಯ್ಯನಗಿರಿಯ ಶಿಖರ 1930 ಮೀಟರ್, ಅದರ ತಲೆಗಿಂತ ಇಲ್ಲಿ ರಸ್ತೆಯೇ ಮೇಲಿದೆ. 1910ರಲ್ಲಿ ಮೊದಲ ಸಲ ರೇಸನ್ನು ಇಲ್ಲಿಗೆ ತರುವ ಮುಂಚೆ ದಾರಿ ನೋಡಿ ಬರಲು ಬಂದ ಆಲ್ಫೋನ್ಸ್ ಸ್ಟೈನೆಸ್ ಹಿಮದಲ್ಲಿ ಸಿಕ್ಕಿಹಾಕಿಕೊಂಡು ರಾತ್ರಿಯೆಲ್ಲ ಒದ್ದಾಡಿದ. ಬದುಕಿ ಬಂದವನು ಪ್ಯಾರಿಸ್ಸಿಗೆ ತಂತಿ ಕಳಿಸಿದ್ದು ರಸ್ತೆ ತುಂಬಾ ಚೆನ್ನಾಗಿದೆ, ಆರಾಮಾಗಿ ದಾಟಬಹುದು ಅಂತ. ಇಂಥ ವರದಿ ಬರೆಯುವವರನ್ನು ನಾನು ನಮ್ಮ ಆಫೀಸಿನಲ್ಲೂ ನೋಡಿದ್ದೇನೆ.

ನಾವು ಹೊರಡಲಿಲ್ಲ. ಹಿಂದಿನವರು ಬರಬೇಕಿತ್ತು. ಒಬ್ಬೊಬ್ಬರೇ ಬಂದರು, ಇಬ್ಬಿಬ್ಬರೇ ಬಂದರು. ಆಮೇಲೆ ದಪ್ಪ ತೊಡೆಯ ಸ್ಪ್ರಿಂಟರ್‌ಗಳ ಗುಂಪು. ಬೆಟ್ಟ ಇವರಿಗೆ ಆಗುವುದಿಲ್ಲ. ಗೆದ್ದವನ ಸಮಯಕ್ಕೆ ಇಂತಿಷ್ಟು ಅಂತ ಮಿತಿ ಇರುತ್ತದೆ, ಅದರೊಳಗೆ ಮುಟ್ಟದಿದ್ದರೆ ಮನೆಗೆ. ಹಾಗಾಗಿ ಬೇರೆ ಬೇರೆ ತಂಡದವರೆಲ್ಲ ಜೊತೆಯಾಗಿ, ಸರದಿಯಲ್ಲಿ ಗಾಳಿ ಒಡೆಯುತ್ತಾ, ಲೆಕ್ಕ ಹಾಕಿಕೊಂಡು ಹತ್ತುತ್ತಾರೆ. ಇದಕ್ಕೆ ದಂಡ ಇಲ್ಲ. ಒಬ್ಬ ನಮ್ಮ ಎದುರೇ ಖಾಲಿ ಬಾಟಲಿ ಬಿಸಾಡಿದ. ಅದು ಉರುಳಿ ಉರುಳಿ ಅಪ್ಪನ ಚಪ್ಪಲಿಗೆ ತಾಗಿತು. ಸುತ್ತಲಿದ್ದ ಮಕ್ಕಳು ಹೊಟ್ಟೆಕಿಚ್ಚಿನಿಂದ ನೋಡಿದವು. ಅಪ್ಪ ಅತ್ತಿತ್ತ ನೋಡಿ ಎಲ್ಲರಿಗಿಂತ ಚಿಕ್ಕವನಿಗೆ ಕೊಟ್ಟರು.

ಕೊನೆಗೆ ಬಂದದ್ದು ಪೊರಕೆ ಗಾಡಿ. ನಿಜವಾಗಿ ಅದರ ಹೆಸರೇ ಹಾಗೆ. ಕೈಲಾಗದೆ ಬಿಟ್ಟವರನ್ನು ಗುಡಿಸಿಕೊಂಡು ಹೋಗುವ ವ್ಯಾನು. ಇದೂ 1910ರಲ್ಲಿ, ಈ ಬೆಟ್ಟಗಳಿಗೆ ಬಂದ ವರ್ಷವೇ ಶುರುವಾದದ್ದು. ಒಳಗೆ ಯಾರಾದರೂ ಇದ್ದಾರಾ ಅಂತ ಅಪ್ಪ ಬಗ್ಗಿ ನೋಡಿದರು. ಡ್ರೈವರ್ ಕೈ ಬೀಸಿದ.

ಅವತ್ತು ಏನಾಯಿತು ಅಂತ ನಮಗೆ ಗೊತ್ತಾದದ್ದು ರಾತ್ರಿ ಮನೆಯಲ್ಲಿ ಟಿವಿ ನೋಡಿ. ತುರ್ಮಾಲೆ ಏರಿನಲ್ಲಿ ಸೆಪ್ ಕುಸ್ ಅನ್ನುವ ಅಮೆರಿಕದ ಹುಡುಗ ವಿಂಗೆಗೋರ್‌ನ ಮುಂದೆ ಎಳೆದು ಎಳೆದು ಉಳಿದವರನ್ನೆಲ್ಲ ಉದುರಿಸಿದ. ಹಿಂಡ್ಲಿ ಉದುರಿದ. ಆಮೇಲೆ ವಿಂಗೆಗೋರ್ ಜಿಗಿದ, ಪೊಗಾಚಾರ್ ಒಬ್ಬನೇ ಹಿಂದೆ ಹೋದ. ಇಳಿಜಾರಿನಾಚೆ ವಾನ್ ಆರ್ಟ್ ಸಿಕ್ಕಿ ಎಳೆದ. ಇಷ್ಟೆಲ್ಲ ಆಳುಕಾಳು ಖರ್ಚು ಮಾಡಿದ ಮೇಲೆ ಕೊನೆಯ ಬೆಟ್ಟದಲ್ಲಿ ಪೊಗಾಚಾರ್ ಚಿಮ್ಮಿ ಹಂತ ಗೆದ್ದ, 24 ಸೆಕೆಂಡ್ ಅಂತರದಲ್ಲಿ. ಹಳದಿ ಅಂಗಿ ಮಾತ್ರ ವಿಂಗೆಗೋರ್‌ಗೆ ಹೋಯಿತು, ಪ್ಯಾರಿಸ್ಸಿನವರೆಗೂ ಅವನ ಮೈ ಮೇಲೇ ಇತ್ತು.

ಆ ಸೆಪ್ಟೆಂಬರ್‌ನಲ್ಲಿ ಅಪ್ಪ ಊರಿಗೆ ಹೋದ ಮೇಲೆ ಫೋನ್ ಮಾಡಿ ಹೇಳಿದೆ. ಸ್ಪೇನಿನ ವುಯೆಲ್ಟಾ ರೇಸನ್ನು ಸೆಪ್ ಕುಸ್ ಗೆದ್ದಿದ್ದಾನೆ, ಅವನು ಯಾರಿಗಾಗಿ ಎಳೆದನೋ ಆ ವಿಂಗೆಗೋರ್ ಎರಡನೆಯವನು, ಅದೇ ತಂಡದ ರೋಗ್ಲಿಚ್ ಮೂರನೆಯವನು. ಆ ಬದಿಯಲ್ಲಿ ಮಳೆ ಸದ್ದು. "ಯಾರು, ನೀರು ಹೊರೋನಾ?" ಅಂದರು. ಹೌದು ಅಂದೆ. "ಅವನಿಗೆ ಯಾರು ತಿದಿ ಒತ್ತಿದ್ರಂತೆ?" ನಾನು ಹುಡುಕಿ ಹೇಳುತ್ತೇನೆ ಅಂದೆ.

ಕ್ರಿಸ್ತೋಫ್‌ನ ಕಥೆಯೂ ಸಂತೆಮಾರಿಗೆ ಮುಗಿದದ್ದಲ್ಲ. 1919ರಲ್ಲಿ ಟೂರ್ ಮೊದಲ ಸಲ ಹಳದಿ ಅಂಗಿ ಕೊಡಲು ಶುರು ಮಾಡಿದಾಗ, ಗ್ರೆನೋಬ್ಲ್‌ನಲ್ಲಿ ಅದನ್ನು ಮೊದಲು ತೊಟ್ಟವನು ಇವನೇ. ಗೆಲುವು ಕೈಗೆ ಬಂದ ಹಾಗೇ ಇತ್ತು. ಕೊನೆಯಿಂದ ಎರಡನೇ ಹಂತದಲ್ಲಿ ವಲಾಂಸಿಯೆನ್ ಊರಿನ ಬಳಿ ಮತ್ತೆ ಫೋರ್ಕ್ ಮುರಿಯಿತು. ಮತ್ತೆ ತಾನೇ ಬೆಸೆದ. ಮೂರನೆಯವನಾದ. ಆಗ ಜನ ಸುಮ್ಮನೆ ಕೂರಲಿಲ್ಲ, ಚಂದಾ ಎತ್ತಿ ಕಳಿಸಿದರು. ಗೆದ್ದವನ ಬಹುಮಾನಕ್ಕಿಂತ ಆ ದುಡ್ಡೇ ಜಾಸ್ತಿ ಆಯಿತು. ಇದನ್ನು ಅವತ್ತು ಸಂತೆಮಾರಿಯಲ್ಲಿ ಅಪ್ಪನಿಗೆ ಹೇಳುವುದು ಮರೆತಿದ್ದೆ. ಫೋನಿನಲ್ಲಿ ಹೇಳಿದೆ. "ಹಂಗೆ ಹೇಳು" ಅಂದರು.

ಮತ್ತೆ ಆ ಮಧ್ಯಾಹ್ನಕ್ಕೆ ಬರುತ್ತೇನೆ. ಪೊರಕೆ ಗಾಡಿ ಹೋಯಿತು. ಎರಡು ನಿಮಿಷಕ್ಕೆಲ್ಲ ಹೊಳೆಯ ಸದ್ದು ವಾಪಸ್ ಬಂತು. ಅಜ್ಜ ಕೋಲೂರಿ ಎದ್ದು ತಮ್ಮ ಮಡಚುವ ಕುರ್ಚಿಗೆ ಕೈ ಹಾಕಿದರು. ಅಪ್ಪ ಬಿಡಲಿಲ್ಲ. ಅದನ್ನು ಮಡಚಿ ಬಲ ಕಂಕುಳಿಗೆ ಸಿಕ್ಕಿಸಿಕೊಂಡರು, ಮರದ ಕುರ್ಚಿಯನ್ನು ಎಡ ಹೆಗಲಿಗೆ ಹಾಕಿಕೊಂಡರು. ಎದುರು ಮನೆಗೆ ಏಳೆಂಟು ಕಲ್ಲಿನ ಮೆಟ್ಟಿಲು. ಅಪ್ಪನಿಗೂ ಎಪ್ಪತ್ತೊಂದು. ಮೂರನೇ ಮೆಟ್ಟಿಲಲ್ಲಿ ಸ್ವಲ್ಪ ವಾಲಿದ ಹಾಗಾಯಿತು. ನಾನು ಹಿಂದಿನಿಂದ ಕುರ್ಚಿಯ ಕಾಲು ಹಿಡಿಯಲು ಹೋದೆ.

"ಮುಟ್ಟಬೇಡ ಮಾರಾಯ್ತಿ" ಅಂದರು ಅಪ್ಪ, ತಿರುಗಿ ನೋಡದೆ. "ಹತ್ತು ನಿಮಿಷ ಹೋಗ್ತದೆ."